ಒಂದೇ ಅಚ್ಚಿನ ಎರಡು ಪೋಕೆಮಾನ್‌ಗಳಲ್ಲಿ ತಂಡಕ್ಕೆ ಯಾವುದು? ಹೋಲಿಸಿ ಆರಿಸುವ ಬಗೆ

ಮಂಡ್ಯದಲ್ಲಿರುವ ಅಕ್ಕನ ಮಗ ಬೇಸಿಗೆ ರಜೆಗೆ ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದಾಗ, ತನ್ನ ನೋಟ್‌ಬುಕ್ಕಿನ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದ. ಹಾಳೆಯ ಎಡಕ್ಕೆ ಡ್ರಾಗನೈಟ್, ಬಲಕ್ಕೆ ಸಾಲಮೆನ್ಸ್ ಎಂದು ಎರಡು ಪೋಕೆಮಾನ್ ಜೀವಿಗಳ ಹೆಸರು ಬರೆದು, ಎರಡರ ಕೆಳಗೂ ಅವುಗಳ ಬಲಾಬಲದ ಆರಾರು ಅಂಕಿಗಳನ್ನು ಸಾಲಾಗಿ ಇಟ್ಟು, ಅಡಿಯಲ್ಲಿ ಗೆರೆ ಎಳೆದು ಕೂಡಿದ್ದ. ಎರಡೂ ಕಡೆ ಮೊತ್ತ 600. "ಮಾವ, ಟೈಪೂ ಒಂದೇ, ಟೋಟಲ್ಲೂ ಒಂದೇ. ಹಂಗಿದ್ರೂ ಎಲ್ಲರ ಟೀಮಲ್ಲೂ ಡ್ರಾಗನೈಟೇ ಯಾಕಿರ್ತದೆ?" ಎಂದು ಕೇಳಿದ. ಪ್ರಶ್ನೆ ಸರಿಯಾದದ್ದೇ. ತಪ್ಪಿದ್ದದ್ದು ಆ ಗೆರೆಯಲ್ಲಿ, ಏಕೆಂದರೆ ಕೂಡುವ ಕೆಲಸಕ್ಕೆ ಮೊದಲು ಮಾಡಬೇಕಾದ ಮೂರು ನಾಲ್ಕು ಕೆಲಸಗಳನ್ನು ಅವನು ಮಾಡಿರಲಿಲ್ಲ. ಅಂದು ಅವನಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಟೈಪ್ (ಜೀವಿಯ ಬಗೆ), ಮೂವ್ (ದಾಳಿ ಅಥವಾ ತಂತ್ರ), ಎಬಿಲಿಟಿ (ಹುಟ್ಟುಗುಣ), ಐಟಂ (ಹಿಡಿದ ವಸ್ತು) ಎಂಬ ಮಾತುಗಳ ಪರಿಚಯವಿದ್ದು, ಆನ್‌ಲೈನ್ ಪಂದ್ಯಗಳನ್ನು ಈಗಷ್ಟೇ ಗಂಭೀರವಾಗಿ ಆಡತೊಡಗಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಮೊದಲು ಯಾವ ಆಟ ಎಂದು ಗೊತ್ತುಮಾಡಿಕೊಳ್ಳಿ

ಪೋಕೆಮಾನ್ ಪಂದ್ಯ ಎಂದರೆ ಒಂದೇ ಬಗೆಯ ಪಂದ್ಯವಲ್ಲ. ಸ್ಮೋಗಾನ್ ಎಂಬ ಆಟಗಾರರ ಬಳಗದ ನಿಯಮಗಳಂತೆ ಪೋಕೆಮಾನ್ ಶೋಡೌನ್ ಎಂಬ ಆನ್‌ಲೈನ್ ತಾಣದಲ್ಲಿ ಹೆಚ್ಚಾಗಿ ಆಡುವುದು ಸಿಂಗಲ್ಸ್: ಎರಡೂ ಕಡೆ ಆರು ಜೀವಿಗಳು, ಎಲ್ಲವೂ 100ನೆಯ ಲೆವೆಲ್ಲಿನವು, ಅಂಗಳದಲ್ಲಿ ಒಮ್ಮೆಗೆ ಒಂದಕ್ಕೊಂದು. ಪೋಕೆಮಾನ್ ಕಂಪನಿಯೇ ನಡೆಸುವ ವಿಜಿಸಿ ಸ್ಪರ್ಧೆ ಡಬಲ್ಸ್: ತಂಡದಲ್ಲಿ ಆರಿದ್ದರೂ ಪಂದ್ಯಕ್ಕೆ ನಾಲ್ಕನ್ನು ಮಾತ್ರ ಆರಿಸಿ ಇಳಿಸಬೇಕು, ಲೆವೆಲ್ 50, ಅಂಗಳದಲ್ಲಿ ಒಮ್ಮೆಗೆ ಎರಡಕ್ಕೆರಡು. ಇವೆರಡರ ನಡುವಿನ ಅಂತರ ಎಷ್ಟೆಂದರೆ, ಒಂದರಲ್ಲಿ ಕಲಿತ ಶ್ರೇಣಿ, ಅಂದರೆ ಯಾವುದು ಮೇಲು ಯಾವುದು ಕೆಳಗೆ ಎಂಬ ಪಟ್ಟಿ, ಇನ್ನೊಂದರಲ್ಲಿ ಬಹುಪಾಲು ಉಪಯೋಗಕ್ಕೆ ಬರುವುದಿಲ್ಲ.

ಈ ಮಾತನ್ನು ನಾನು ದುಡ್ಡು ಕೊಡದೆ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲೇ ಗೆಳೆಯರು ಸೇರಿ ನಡೆಸಿದ ಪುಟ್ಟ ಡಬಲ್ಸ್ ಪಂದ್ಯಾವಳಿಗೆ ನೂರು ರೂಪಾಯಿ ಕಟ್ಟಿ, ಸಿಂಗಲ್ಸ್‌ನಲ್ಲಿ ನನ್ನನ್ನು ಎಷ್ಟೋ ಸಲ ಕಾಪಾಡಿದ್ದ ಬ್ಲಿಸ್ಸಿ ಎಂಬ ಜೀವಿಯನ್ನೇ ನಂಬಿಕೊಂಡು ಹೋಗಿದ್ದೆ. ಎದುರಾಳಿ ಬ್ಲಿಸ್ಸಿಯ ಕಡೆ ತಿರುಗಿಯೂ ನೋಡಲಿಲ್ಲ. ಅವನ ಎರಡು ಜೀವಿಗಳೂ ಪಕ್ಕದಲ್ಲಿ ನಿಂತಿದ್ದ ನನ್ನ ಇನ್ನೊಂದರ ಮೇಲೆ ಬಿದ್ದು ಅದನ್ನು ಮುಗಿಸಿದವು, ಅದರ ಜಾಗಕ್ಕೆ ಬಂದದ್ದನ್ನೂ ಮುಗಿಸಿದವು. ಕೊನೆಗೆ ಏನೂ ಪೆಟ್ಟು ತಿನ್ನದ, ಯಾರಿಗೂ ಪೆಟ್ಟು ಕೊಡದ ಬ್ಲಿಸ್ಸಿಯೊಂದೇ ಉಳಿಯಿತು. ಗೋಡೆ ಎಷ್ಟು ಗಟ್ಟಿಯಾಗಿದ್ದರೇನು, ಪಕ್ಕದ ಬಾಗಿಲು ತೆರೆದಿದ್ದರೆ ಕಳ್ಳ ಗೋಡೆ ಒಡೆಯುವ ಗೋಜಿಗೆ ಹೋಗುವುದಿಲ್ಲ.

ಆದ್ದರಿಂದ ಹೋಲಿಕೆಯ ಹಾಳೆಯ ತಲೆಯಲ್ಲಿ ಮೊದಲಿಗೆ ಎರಡು ಸಂಗತಿಗಳನ್ನು ಬರೆಯಿರಿ: ಸಿಂಗಲ್ಸೋ ಡಬಲ್ಸೋ, ಮತ್ತು ಎಷ್ಟನೆಯ ತಲೆಮಾರಿನ (ಜನರೇಶನ್) ಆಟ. ತಲೆಮಾರು ಬದಲಾದರೆ ಎಬಿಲಿಟಿಗಳು, ಮೂವ್‌ಗಳು, ಕೆಲವೊಮ್ಮೆ ಟೈಪ್‌ಗಳೂ ಬದಲಾಗುತ್ತವೆ. ನಮ್ಮ ಡ್ರಾಗನೈಟ್ ಮತ್ತು ಸಾಲಮೆನ್ಸ್ ಜೋಡಿಯೇ ಇದಕ್ಕೆ ಒಳ್ಳೆಯ ಸಾಕ್ಷಿ. ನಾಲ್ಕನೆಯ ತಲೆಮಾರಿನ ಸಿಂಗಲ್ಸ್‌ನಲ್ಲಿ ಅತಿ ಪ್ರಬಲವೆಂದು ಸಾಮಾನ್ಯ ಪಂದ್ಯಗಳಿಂದ ಹೊರಗೆ ಹಾಕಿದ್ದು ಸಾಲಮೆನ್ಸನ್ನು. ಡ್ರಾಗನೈಟ್‌ಗೆ ಆ ಶಿಕ್ಷೆಯ ಗೌರವ ಸಿಗಲಿಲ್ಲ. ಇಂದು ಒಂಬತ್ತನೆಯ ತಲೆಮಾರಿನಲ್ಲಿ ತಕ್ಕಡಿ ಪೂರ್ತಿ ತಿರುಗಿದೆ. ಅದು ತಿರುಗಿದ್ದು ಹೇಗೆಂಬುದಕ್ಕೆ ಮುಂದೆ ಬರುತ್ತೇನೆ.

ಶ್ರೇಣಿ ಎಂಬ ಮಾತಿಗೆ ಮೂರು ಅರ್ಥ

ಆಟಗಾರರು ಟಿಯರ್ ಎಂದು ಕರೆಯುವ ಶ್ರೇಣಿಯನ್ನು ಓದುವಾಗ ಅದು ಯಾವ ಬಗೆಯ ಶ್ರೇಣಿ ಎಂದು ತಿಳಿದಿರಬೇಕು. ಮೂರು ಬಗೆಗಳು ಬಳಕೆಯಲ್ಲಿವೆ, ಮತ್ತು ಹೊಸಬರು ಮೂರನ್ನೂ ಒಂದೇ ಪಾತ್ರೆಗೆ ಸುರಿಯುತ್ತಾರೆ.

ಮೊದಲನೆಯದು ಬಳಕೆಯ ಶ್ರೇಣಿ. ಹೆಚ್ಚು ಬಳಕೆಯಿಂದ ಕಡಿಮೆ ಬಳಕೆಯ ಕ್ರಮದಲ್ಲಿ ಓಯು, ಯುಯು, ಆರ್‌ಯು, ಎನ್‌ಯು, ಪಿಯು ಎಂಬ ಹೆಸರುಗಳು ಇದಕ್ಕೆ ಸೇರಿದವು. ಒಂದು ಜೀವಿಯನ್ನು ಎಷ್ಟು ತಂಡಗಳು ಕಟ್ಟಿಕೊಂಡು ಬಂದಿವೆ ಎಂಬ ಎಣಿಕೆಯೇ ಇದರ ಆಧಾರ. ಓಯು ಶ್ರೇಣಿಯಲ್ಲಿ ಉಳಿಯಲು ಬೇಕಾದ ಗಡಿ ಶೇ 4.52. ಈ ಅಡ್ಡಾದಿಡ್ಡಿ ಅಂಕಿ ಎಲ್ಲಿಂದ ಬಂತೆಂದು ಬಹಳ ಜನ ಕೇಳುತ್ತಾರೆ. ಹದಿನೈದು ಪಂದ್ಯ ಆಡಿದರೆ ಆ ಜೀವಿ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕೆ ಅರ್ಧ ಇರಬೇಕೆಂದು ಲೆಕ್ಕ ಹಾಕಿದರೆ ಬರುವ ಅಂಕಿ ಅದು. ಹಿಂದೆ ಹದಿನೈದರ ಬದಲು ಇಪ್ಪತ್ತು ಪಂದ್ಯ ಎಂದು ಇಟ್ಟುಕೊಂಡಿದ್ದಾಗ ಗಡಿ ಶೇ 3.41 ಇತ್ತು. ಅಂದರೆ ಯುಯು ಎಂಬುದು 'ಎರಡನೆಯ ದರ್ಜೆಯ ಜೀವಿ' ಎಂಬ ತೀರ್ಪಲ್ಲ. 'ಹದಿನೈದು ಪಂದ್ಯದಲ್ಲಿ ನಿಮಗೆ ಇದು ಸಿಗದೇ ಹೋಗುವ ಸಂಭವವೇ ಹೆಚ್ಚು' ಎಂಬ ಸುದ್ದಿ ಮಾತ್ರ.

ಎರಡನೆಯದು ನಿಷೇಧದ ಶ್ರೇಣಿ. ಉಬರ್ ಎಂಬುದು ಎಣಿಕೆಯಿಂದ ಬಂದದ್ದಲ್ಲ. ಆಟದ ಸಮತೋಲವನ್ನೇ ಕೆಡಿಸುತ್ತದೆ ಎಂದು ಅನುಭವಿ ಆಟಗಾರರು ಚರ್ಚಿಸಿ, ಎಷ್ಟೋ ಬಾರಿ ಮತ ಹಾಕಿ, ಹೊರಗೆ ಕಳಿಸಿದವುಗಳ ಗುಂಪು ಅದು. ಮೂರನೆಯದು ಅಭಿಪ್ರಾಯದ ಶ್ರೇಣಿ, ಅಂದರೆ ಎಸ್, ಎ, ಬಿ ಎಂದು ದರ್ಜೆ ಕೊಡುವ ಪಟ್ಟಿ. ಒಂದೇ ಓಯು ಒಳಗೆ ಯಾವುದು ಎಷ್ಟು ಉಪಯುಕ್ತ ಎಂದು ಬಲ್ಲವರು ಹೇಳುವ ಮಾತು ಇದು. ನನ್ನ ಮಟ್ಟಿಗೆ ಹೋಲಿಕೆಗೆ ಹೆಚ್ಚು ನೆರವಾಗುವುದು ಈ ಮೂರನೆಯದೇ, ಏಕೆಂದರೆ ದರ್ಜೆಯ ಜೊತೆಗೆ ಸಾಮಾನ್ಯವಾಗಿ ಕಾರಣವನ್ನೂ ಬರೆದಿರುತ್ತಾರೆ. ಕಾರಣವಿಲ್ಲದ ಬಣ್ಣಬಣ್ಣದ ಪಟ್ಟಿಗಳು ಮೊಬೈಲಿನಲ್ಲಿ ದಿನಕ್ಕೆ ಹತ್ತು ಬರುತ್ತವೆ. ಅವುಗಳನ್ನು ನೋಡಿ ಸಂತೋಷಪಟ್ಟು ಮುಂದಕ್ಕೆ ಹೋಗಬಹುದು.

ಕೆಲಸವನ್ನು ಕ್ರಿಯಾಪದದಲ್ಲಿ ಬರೆಯಿರಿ

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ. ಗರಡಿಯ ಹಿರಿಯರು ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ತೂಕ, ಪಳಗಿದ ವರ್ಷಗಳನ್ನೆಲ್ಲ ನೋಡಿ, ಇವನಿಗೆ ಇವನು ಸರಿಜೋಡಿ ಎಂದು ಒಪ್ಪುತ್ತಾರೆ. ಪೋಕೆಮಾನ್ ಹೋಲಿಕೆಯಲ್ಲೂ ಸರಿಜೋಡಿ ಕಟ್ಟುವುದೇ ಅರ್ಧ ಕೆಲಸ. ಒಂದೇ ಟೈಪಿನವು ಎಂಬ ಕಾರಣಕ್ಕೆ, ನೋಡಲು ಒಂದೇ ಥರ ಇವೆ ಎಂಬ ಕಾರಣಕ್ಕೆ ಎರಡನ್ನು ಎದುರುಬದುರು ನಿಲ್ಲಿಸಿದರೆ ಅದು ಜೋಡಿಯಾಗುವುದಿಲ್ಲ. ತಂಡದಲ್ಲಿ ಒಂದೇ ಜಾಗಕ್ಕೆ, ಒಂದೇ ಕೆಲಸಕ್ಕೆ ಅರ್ಜಿ ಹಾಕಿಕೊಂಡಿರುವ ಎರಡನ್ನು ಹೋಲಿಸಬೇಕು.

ಆ ಕೆಲಸವನ್ನು 'ಅಟ್ಯಾಕರ್', 'ಟ್ಯಾಂಕ್' ಎಂಬಂತಹ ಹಣೆಪಟ್ಟಿಯಲ್ಲಿ ಬರೆಯದೆ, ಪೂರ್ತಿ ವಾಕ್ಯದಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಅಂಗಳಕ್ಕೆ ಇಳಿದ ಕೂಡಲೇ ಮಳೆ ತರಬೇಕು. ಎದುರಾಳಿಯ ಕಡೆ, ಒಳಗೆ ಬರುವವರಿಗೆ ಚುಚ್ಚುವ ಸ್ಟೆಲ್ತ್ ರಾಕ್‌ನ ಕಲ್ಲು ಹರಡಬೇಕು. ನಮ್ಮ ಕಡೆ ಹರಡಿದ ಕಲ್ಲನ್ನು ಗುಡಿಸಬೇಕು. ಸ್ಪೆಷಲ್ (ದೈಹಿಕವಲ್ಲದ) ದಾಳಿಗಳನ್ನು ತಿಂದು, ಮತ್ತೆ ಎಚ್‌ಪಿ (ಜೀವಶಕ್ತಿ) ತುಂಬಿಕೊಂಡು, ಪಂದ್ಯದ ಕೊನೆಯವರೆಗೂ ನಿಲ್ಲಬೇಕು. ಒಂದು ಸರದಿ ಬಿಡುವು ಸಿಕ್ಕಾಗ ಡ್ರಾಗನ್ ಡ್ಯಾನ್ಸ್ ಮೂವ್‌ನಿಂದ ಅಟ್ಯಾಕ್, ಸ್ಪೀಡ್ ಎರಡನ್ನೂ ಏರಿಸಿಕೊಂಡು, ಉಳಿದವರನ್ನು ಗುಡಿಸಿಹಾಕಬೇಕು. ಹೀಗೆ ಬರೆದುಕೊಂಡರೆ ಯಾವ ಅಂಕಿ ಮುಖ್ಯ, ಯಾವುದು ಕಾಗದದ ಮೇಲಿನ ಅಲಂಕಾರ ಎಂಬುದು ತಾನಾಗಿಯೇ ಕಾಣುತ್ತದೆ.

ಮೊತ್ತವನ್ನು ಹೊಡೆದುಹಾಕಿ, ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿ

ಈಗ ಅಳಿಯನ ಹಾಳೆಗೆ ಬರೋಣ. ಡ್ರಾಗನೈಟ್‌ನ ಮೂಲ ಅಂಕಗಳು ಎಚ್‌ಪಿ 91, ಅಟ್ಯಾಕ್ 134, ಡಿಫೆನ್ಸ್ 95, ಸ್ಪೆಷಲ್ ಅಟ್ಯಾಕ್ 100, ಸ್ಪೆಷಲ್ ಡಿಫೆನ್ಸ್ 100, ಸ್ಪೀಡ್ 80. ಸಾಲಮೆನ್ಸ್‌ನವು ಅದೇ ಕ್ರಮದಲ್ಲಿ 95, 135, 80, 110, 80, 100. ಕೆಲಸ ಡ್ರಾಗನ್ ಡ್ಯಾನ್ಸ್ ಮಾಡಿ ದೈಹಿಕ ದಾಳಿಯಿಂದ ಗುಡಿಸುವುದಾದರೆ ಸ್ಪೆಷಲ್ ಅಟ್ಯಾಕ್‌ನ ಸಾಲನ್ನು ಮೊದಲು ಹೊಡೆದುಹಾಕಿ. ಅಲ್ಲಿ ಸಾಲಮೆನ್ಸ್‌ಗೆ ಇರುವ ಹತ್ತು ಅಂಕದ ಮೇಲುಗೈ ಈ ಕೆಲಸದಲ್ಲಿ ಖರ್ಚಾಗದ ಹಣ. ಅಟ್ಯಾಕ್‌ನಲ್ಲಿ ಒಂದೇ ಅಂಕದ ವ್ಯತ್ಯಾಸವಿರುವುದರಿಂದ ಅದನ್ನೂ ಬಿಡಬಹುದು. ಉಳಿಯುವುದು ಸ್ಪೀಡ್ ಮತ್ತು ತಾಳಿಕೆ.

ಸ್ಪೀಡನ್ನು ಮೂಲ ಅಂಕದಲ್ಲಿ ಹೋಲಿಸಬೇಡಿ, ಪಂದ್ಯದಲ್ಲಿ ನಿಜವಾಗಿ ಬರುವ ಅಂಕಿಯಲ್ಲಿ ಹೋಲಿಸಿ. 100ನೆಯ ಲೆವೆಲ್ಲಿನಲ್ಲಿ ಲೆಕ್ಕ ಸುಲಭ: ಮೂಲ ಅಂಕದ ಎರಡರಷ್ಟಕ್ಕೆ ಐವಿ (ಹುಟ್ಟಿನಿಂದ ಬಂದ ಅಂಕ) 31 ಸೇರಿಸಿ, ಪೂರ್ತಿ ಇವಿ (ತರಬೇತಿಯಿಂದ ಬರುವ ಅಂಕ) ಹಾಕಿದ್ದರೆ ಇನ್ನೂ 63 ಸೇರಿಸಿ, ಮೇಲೆ 5 ಸೇರಿಸಿ. ಇವಿ ಒಂದು ಅಂಕಕ್ಕೆ ಗರಿಷ್ಠ 252 ಮಾತ್ರ ಹಾಕಬಹುದು, ಮತ್ತು ನಾಲ್ಕಕ್ಕೆ ಒಂದರಂತೆ ಅದು ಅಂಕವಾಗುತ್ತದೆ. ಆ 63 ಬಂದದ್ದು ಹಾಗೆ. ನೇಚರ್ (ಜೀವಿಯ ಸ್ವಭಾವ) ಸ್ಪೀಡ್ ಏರಿಸುವ ಜಾಲಿ ಆಗಿದ್ದರೆ ಬಂದದ್ದನ್ನು 1.1ರಿಂದ ಗುಣಿಸಿ, ಭಿನ್ನರಾಶಿಯನ್ನು ಬಿಟ್ಟುಬಿಡಿ. ಅಟ್ಯಾಕ್ ಏರಿಸುವ ಅಡಮಂಟ್ ಆಗಿದ್ದರೆ ಸ್ಪೀಡ್‌ಗೆ ಗುಣಿಸುವ ಕೆಲಸವಿಲ್ಲ. ಈ ಲೆಕ್ಕದಂತೆ ಅಡಮಂಟ್ ಡ್ರಾಗನೈಟ್‌ನ ಸ್ಪೀಡ್ 259, ಸಾಲಮೆನ್ಸ್‌ನದು 299. ಜಾಲಿ ಆದರೆ ಕ್ರಮವಾಗಿ 284 ಮತ್ತು 328.

ಒಂದು ಡ್ರಾಗನ್ ಡ್ಯಾನ್ಸ್ ಆದ ಮೇಲೆ ಸ್ಪೀಡ್ ಒಂದೂವರೆ ಪಟ್ಟಾಗುತ್ತದೆ. ಆಗ ಅಡಮಂಟ್ ಡ್ರಾಗನೈಟ್ 388, ಅಡಮಂಟ್ ಸಾಲಮೆನ್ಸ್ 448. ಇವೆರಡರ ನಡುವೆ ಯಾರು ಕೂತಿದ್ದಾರೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಪೂರ್ತಿ ವೇಗಕ್ಕೆ ಬೆಳೆಸಿದ ಡ್ರಾಗಪಲ್ಟ್ 421ರಲ್ಲಿ ಕೂತಿದೆ. ಅಡಮಂಟ್ ಸಾಲಮೆನ್ಸ್ ಅದನ್ನು ದಾಟುತ್ತದೆ, ಅಡಮಂಟ್ ಡ್ರಾಗನೈಟ್ ದಾಟುವುದಿಲ್ಲ. ಜಾಲಿ ಡ್ರಾಗನೈಟ್ 426ಕ್ಕೆ ಏರಿ ಕೂದಲೆಳೆಯಲ್ಲಿ ದಾಟುತ್ತದೆ, ಆದರೆ ಅದಕ್ಕಾಗಿ ಅಟ್ಯಾಕ್‌ನ ಹತ್ತನೇ ಒಂದು ಪಾಲನ್ನು ಬಿಟ್ಟುಕೊಟ್ಟಿರುತ್ತದೆ. ಇನ್ನು ಸ್ಪೀಡನ್ನು ಒಂದೂವರೆ ಪಟ್ಟು ಮಾಡುವ ಚಾಯ್ಸ್ ಸ್ಕಾರ್ಫ್ ಹಿಡಿದ ಜಾಲಿ ಗಾರ್ಚಾಂಪ್ 499ರಲ್ಲಿದ್ದು, ಜಾಲಿ ಸಾಲಮೆನ್ಸ್‌ನ 492ನ್ನೂ ಹಿಂದೆ ಹಾಕುತ್ತದೆ. ಹಾಗಾಗಿ ಮೂಲ ಅಂಕದ ಆ ಇಪ್ಪತ್ತು ವ್ಯತ್ಯಾಸ ಎಷ್ಟು ಬೆಲೆಬಾಳುತ್ತದೆ ಎಂಬುದು ನಡುವೆ ಕೂತವರ ಹೆಸರಿನ ಮೇಲೆ ನಿಲ್ಲುತ್ತದೆ. ನಡುವೆ ಯಾರೂ ಇಲ್ಲದಿದ್ದರೆ ನಲವತ್ತು ಅಂಕದ ಮೇಲುಗೈಯೂ ಸೊನ್ನೆಯೇ.

ಇಷ್ಟರವರೆಗೆ ನೋಡಿದರೆ ಸಾಲಮೆನ್ಸೇ ಮೇಲು ಎನಿಸಬೇಕು. ಅಳಿಯನೂ ಹಾಗೇ ಅಂದ. ಆದರೆ ಆ ಒಂದು ಡ್ರಾಗನ್ ಡ್ಯಾನ್ಸ್ ಮಾಡುವ ಸರದಿಯಲ್ಲಿ ಪೆಟ್ಟು ತಿಂದು ಬದುಕಬೇಕಲ್ಲ?

ಅದಕ್ಕೆ ಉತ್ತರ ಎಬಿಲಿಟಿಯಲ್ಲಿದೆ. ಡ್ರಾಗನೈಟ್‌ನ ಮಲ್ಟಿಸ್ಕೇಲ್, ಎಚ್‌ಪಿ ಪೂರ್ತಿ ಇರುವಾಗ ತಿನ್ನುವ ಪೆಟ್ಟನ್ನು ಅರ್ಧಕ್ಕೆ ಇಳಿಸುತ್ತದೆ. ಇದು ಐದನೆಯ ತಲೆಮಾರಿನಲ್ಲಿ ಬಂದದ್ದು. ನಾಲ್ಕನೆಯದರಲ್ಲಿ ಇರಲಿಲ್ಲ, ತಕ್ಕಡಿ ತಿರುಗಿದ್ದಕ್ಕೆ ದೊಡ್ಡ ಕಾರಣ ಇದೇ. ಎರಡಕ್ಕೂ ಐಸ್ ದಾಳಿ ನಾಲ್ಕು ಪಟ್ಟು ತಗಲುತ್ತದೆ. ಮೂಲ ಸ್ಪೆಷಲ್ ಅಟ್ಯಾಕ್ 100 ಇದ್ದು, ಅದಕ್ಕೆ ಪೂರ್ತಿ ಇವಿ ಹಾಕಿದ, ತಾನು ಐಸ್ ಟೈಪ್ ಅಲ್ಲದ ಒಂದು ಜೀವಿ ಐಸ್ ಬೀಮ್ ಬಿಟ್ಟಿತೆಂದು ಇಟ್ಟುಕೊಳ್ಳಿ. ತಾಳಿಕೆಗೆ ಇವಿ ಹಾಕದ ಸಾಲಮೆನ್ಸ್‌ನ ಎಚ್‌ಪಿ 331; ಅದಕ್ಕೆ ಬೀಳುವ ಪೆಟ್ಟು 396ರಿಂದ 468. ಉಳಿಯುವ ಮಾತೇ ಇಲ್ಲ. ಅದೇ ಬಗೆಯ ಡ್ರಾಗನೈಟ್‌ನ ಎಚ್‌ಪಿ 323. ಮಲ್ಟಿಸ್ಕೇಲ್ ಇರುವಾಗ ಬೀಳುವ ಪೆಟ್ಟು 164ರಿಂದ 194 ಮಾತ್ರ. ತನ್ನ ಅತಿ ದೊಡ್ಡ ದೌರ್ಬಲ್ಯದ ಪೆಟ್ಟನ್ನು ತಿಂದೂ ಅದು ನಿಂತು, ಡ್ಯಾನ್ಸ್ ಮುಗಿಸಿಕೊಳ್ಳುತ್ತದೆ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ, ಅದನ್ನು ಮರೆತವರೇ ಹೆಚ್ಚು. ನಮ್ಮ ಅಂಗಳದಲ್ಲಿ ಸ್ಟೆಲ್ತ್ ರಾಕ್ ಹರಡಿದ್ದರೆ ಡ್ರಾಗನ್-ಫ್ಲೈಯಿಂಗ್ ಜೀವಿ ಒಳಗೆ ಬರುವಾಗಲೇ ಎಚ್‌ಪಿಯ ಕಾಲು ಭಾಗ ಕಳೆದುಕೊಳ್ಳುತ್ತದೆ. ಡ್ರಾಗನೈಟ್ 323ರಲ್ಲಿ 80 ಹೋಗಿ 243ಕ್ಕೆ ಇಳಿದರೆ ಮಲ್ಟಿಸ್ಕೇಲ್ ಕೆಲಸ ಮಾಡುವುದಿಲ್ಲ, ಐಸ್ ಬೀಮ್ 328ಕ್ಕೆ ಕಡಿಮೆಯಿಲ್ಲದೆ ಬಡಿಯುತ್ತದೆ. ಎಂಟನೆಯ ತಲೆಮಾರಿನಲ್ಲಿ, 2019ರಲ್ಲಿ ಬಂದ ಹೆವಿ-ಡ್ಯೂಟಿ ಬೂಟ್ಸ್ ಎಂಬ ಐಟಂ ಈ ಕಲ್ಲಿನ ಕಾಟವನ್ನು ಪೂರ್ತಿ ತಪ್ಪಿಸುತ್ತದೆ. ಡ್ರಾಗನೈಟ್ ಇಂದು ಇಷ್ಟು ಮೇಲಿರುವುದರಲ್ಲಿ ಅರ್ಧ ಪಾಲು ಆ ಬೂಟ್ಸಿನದು ಎಂದು ನಾನು ಧಾರಾಳವಾಗಿ ಒಪ್ಪುತ್ತೇನೆ. ಉಳಿದದ್ದು ಎಕ್ಸ್‌ಟ್ರೀಮ್ ಸ್ಪೀಡ್‌ನದು. ಎದುರಾಳಿ ಎಷ್ಟೇ ವೇಗಿಯಾಗಿರಲಿ, ಸಾಮಾನ್ಯ ಮೂವ್‌ಗಳಿಗಿಂತ ಮೊದಲು ತಗಲುವ ಈ ಮೂವ್ ಡ್ರಾಗನೈಟ್‌ಗೆ ಇದೆ, ಸಾಲಮೆನ್ಸ್‌ಗೆ ಇಲ್ಲ. ಒಂಬತ್ತನೆಯ ತಲೆಮಾರಿನ ಟೆರಾ ಎಂಬ ಟೈಪ್ ಬದಲಿಸುವ ಸೌಲಭ್ಯದಿಂದ, ಆ ಮೂವ್‌ನದೇ ಆದ ನಾರ್ಮಲ್ ಟೈಪ್ ಆಗಿ ಬದಲಾದರೆ ಅದರ ಬಲ ಒಂದೂವರೆ ಪಟ್ಟಾಗುತ್ತದೆ. ಗೋಸ್ಟ್ ಟೈಪಿನ ಡ್ರಾಗಪಲ್ಟ್‌ಗೆ ಮಾತ್ರ ಅದು ತಗಲುವುದೇ ಇಲ್ಲ. ಆ ಕಾರಣಕ್ಕೇ ಮೇಲಿನ 421 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಸಾಲಮೆನ್ಸ್ ಕೆಲಸಕ್ಕೆ ಬಾರದ್ದೇ? ಅಲ್ಲ. ಅದರ ಇಂಟಿಮಿಡೇಟ್ ಎಬಿಲಿಟಿ ಎದುರಾಳಿಯ ಅಟ್ಯಾಕನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸುತ್ತದೆ, ಡಬಲ್ಸ್‌ನಲ್ಲಿ ಎದುರಿನ ಎರಡಕ್ಕೂ ಒಟ್ಟಿಗೆ. ಮಾಕ್ಸಿ ಎಬಿಲಿಟಿ ಒಂದೊಂದು ಜೀವಿಯನ್ನು ಬೀಳಿಸಿದಾಗಲೂ ಅಟ್ಯಾಕ್ ಏರಿಸುತ್ತದೆ. ಇವು ಬೇರೆ ಕೆಲಸಗಳು. ಅಳಿಯನ ಹಾಳೆಯಲ್ಲಿ ಬರೆದಿದ್ದ ಕೆಲಸಕ್ಕೆ ಮಾತ್ರ ಡ್ರಾಗನೈಟ್ ಗೆದ್ದದ್ದು.

ಮೊತ್ತ ಕಡಿಮೆಯಿದ್ದೂ ಗೆಲ್ಲುವ ಹಕ್ಕಿ

ಮೊತ್ತ ನೋಡುವ ಚಟ ಇನ್ನೂ ಬಿಡದವರು ಮಳೆ ತರುವ ಎರಡನ್ನು ನೋಡಬೇಕು. ಪೊಲಿಟೋಡ್‌ನ ಮೊತ್ತ 500, ಪೆಲಿಪರ್‌ನದು 440. ಇಬ್ಬರ ಎಬಿಲಿಟಿಯೂ ಡ್ರಿಜ಼ಲ್: ಅಂಗಳಕ್ಕೆ ಇಳಿದರೆ ಐದು ಸರದಿ ಮಳೆ, ಡ್ಯಾಂಪ್ ರಾಕ್ ಹಿಡಿದಿದ್ದರೆ ಎಂಟು. ಏಳನೆಯ ತಲೆಮಾರಿನಲ್ಲಿ ಪೆಲಿಪರ್‌ಗೆ ಡ್ರಿಜ಼ಲ್ ಸಿಕ್ಕ ಮೇಲೆ ಸಿಂಗಲ್ಸ್‌ನ ಮಳೆ ತಂಡಗಳು ಅರವತ್ತು ಅಂಕ ಕಡಿಮೆಯ ಆ ಹಕ್ಕಿಯ ಕಡೆಗೇ ವಾಲಿದವು. ಮಳೆ ತರುವ ಜೀವಿ ಒಂದೇ ಸಲ ಬಂದರೆ ಸಾಲದು, ಮಳೆ ನಿಂತಾಗಲೆಲ್ಲ ಮತ್ತೆ ಮತ್ತೆ ಒಳಗೆ ಬರಬೇಕು; ಅಂದರೆ ಸುಲಭವಾಗಿ ಬರಬೇಕು, ಸುಲಭವಾಗಿ ಹೋಗಬೇಕು, ನಡುವೆ ಗಾಯ ವಾಸಿಮಾಡಿಕೊಳ್ಳಬೇಕು. ಪೆಲಿಪರ್ ಫ್ಲೈಯಿಂಗ್ ಟೈಪ್ ಆದ್ದರಿಂದ ಗ್ರೌಂಡ್ ದಾಳಿಗಳು ತಗಲುವುದಿಲ್ಲ, ಆ ಹೊತ್ತಿನಲ್ಲಿ ಒಳಗೆ ಬರಬಹುದು. ಯು-ಟರ್ನ್ ಮಾಡಿ, ಪೆಟ್ಟು ಕೊಡುತ್ತಲೇ ತನ್ನ ಜಾಗಕ್ಕೆ ಇನ್ನೊಂದನ್ನು ಕರೆಯಬಹುದು. ರೂಸ್ಟ್‌ನಿಂದ ಅರ್ಧ ಎಚ್‌ಪಿ ತುಂಬಿಕೊಳ್ಳಬಹುದು. ಮಳೆಯಲ್ಲಿ ಗುರಿ ತಪ್ಪದ ಹರಿಕೇನ್ ಬೀಸಬಹುದು. ಎಲೆಕ್ಟ್ರಿಕ್ ದಾಳಿ ನಾಲ್ಕು ಪಟ್ಟು ತಗಲುವುದು ಇದಕ್ಕೆಲ್ಲ ಕೊಡುವ ಬೆಲೆ. ಡಬಲ್ಸ್‌ಗೆ ಹೋದರೆ ಪೊಲಿಟೋಡ್‌ನ ಹೆಲ್ಪಿಂಗ್ ಹ್ಯಾಂಡ್, ಎನ್‌ಕೋರ್, ಪೆರಿಶ್ ಸಾಂಗ್ ಮೂವ್‌ಗಳಿಗೆ ಬೆಲೆ ಬರುತ್ತದೆ. ಅಲ್ಲಿ ಈ ಜೋಡಿಯ ತೀರ್ಮಾನ ಇಷ್ಟು ಸಲೀಸಲ್ಲ.

ಅಂಕಗಳು ಅಕ್ಷರಶಃ ಒಂದೇ ಆಗಿದ್ದರೂ ಹೋಲಿಕೆ ಬೇಕಾಗುತ್ತದೆ ಎಂಬುದಕ್ಕೆ ರೋಟಮ್‌ನ ರೂಪಗಳಿವೆ. ವಾಷ್ ರೋಟಮ್ ಮತ್ತು ಹೀಟ್ ರೋಟಮ್ ಎರಡಕ್ಕೂ ಆರೂ ಅಂಕ ಒಂದೇ, ಎಬಿಲಿಟಿ ಲೆವಿಟೇಟ್ ಒಂದೇ. ಆದರೆ ಎಲೆಕ್ಟ್ರಿಕ್-ವಾಟರ್ ಆದ ವಾಷ್‌ಗೆ ಇರುವ ದೌರ್ಬಲ್ಯ ಗ್ರಾಸ್ ಒಂದೇ. ಎಲೆಕ್ಟ್ರಿಕ್-ಫೈರ್ ಆದ ಹೀಟ್‌ಗೆ ವಾಟರ್ ಮತ್ತು ರಾಕ್ ಎರಡು, ಜೊತೆಗೆ ಕಲ್ಲಿನ ಮೇಲೆ ಕಾಲಿಟ್ಟರೆ ವಾಷ್ ಎಂಟನೇ ಒಂದು ಕಳೆದುಕೊಳ್ಳುವಲ್ಲಿ ಇದು ಕಾಲು ಭಾಗ ಕಳೆದುಕೊಳ್ಳುತ್ತದೆ.

ಐಟಂ ಕಿತ್ತುಕೊಂಡರೆ ಏನು ಉಳಿಯುತ್ತದೆ ಎಂದು ನೋಡಿ

ನನಗೆ ತುಂಬ ಪ್ರಿಯವಾದ ಹೋಲಿಕೆ ಚಾನ್ಸಿ ಮತ್ತು ಬ್ಲಿಸ್ಸಿಯದು, ಏಕೆಂದರೆ ಇಲ್ಲಿ ಕಿರಿಯದು ಹಿರಿಯದನ್ನು ಮೀರಿಸುತ್ತದೆ. ಚಾನ್ಸಿ ಬೆಳೆದು ಬ್ಲಿಸ್ಸಿ ಆಗುತ್ತದೆ. ಮೊತ್ತ 450ರಿಂದ 540ಕ್ಕೆ ಏರುತ್ತದೆ. ಸಹಜವಾಗಿ ಬ್ಲಿಸ್ಸಿಯೇ ಗಟ್ಟಿಯೆಂದು ತೋರುತ್ತದೆ. ಆದರೆ ಐದನೆಯ ತಲೆಮಾರಿನಲ್ಲಿ ಬಂದ ಎವಿಯೋಲೈಟ್ ಎಂಬ ಐಟಂ, ಇನ್ನೂ ಬೆಳೆಯಲು ಬಾಕಿಯಿರುವ ಜೀವಿಯ ಎರಡೂ ಡಿಫೆನ್ಸ್‌ಗಳನ್ನು ಒಂದೂವರೆ ಪಟ್ಟು ಮಾಡುತ್ತದೆ.

ತಾಳಿಕೆಯನ್ನು ಅಳೆಯಲು ಒಂದು ಸರಳ ಉಪಾಯವಿದೆ: ಎಚ್‌ಪಿಯನ್ನು ಡಿಫೆನ್ಸ್‌ನಿಂದ ಗುಣಿಸಿ. ಎರಡಕ್ಕೂ ಎಚ್‌ಪಿ ಮತ್ತು ಡಿಫೆನ್ಸ್‌ಗೆ ಪೂರ್ತಿ ಇವಿ ಹಾಕಿ, ಡಿಫೆನ್ಸ್ ಏರಿಸುವ ಬೋಲ್ಡ್ ನೇಚರ್ ಕೊಟ್ಟಿದ್ದೇವೆ ಎನ್ನಿ. ಚಾನ್ಸಿಯ ಎಚ್‌ಪಿ 704, ಡಿಫೆನ್ಸ್ 119. ಎವಿಯೋಲೈಟ್ ಸೇರಿದರೆ ಡಿಫೆನ್ಸ್ 178. ಬ್ಲಿಸ್ಸಿಯ ಎಚ್‌ಪಿ 714, ಡಿಫೆನ್ಸ್ 130. ಗುಣಿಸಿದರೆ ಚಾನ್ಸಿಗೆ 1,25,312, ಬ್ಲಿಸ್ಸಿಗೆ 92,820. ದೈಹಿಕ ಪೆಟ್ಟನ್ನು ತಡೆಯುವುದರಲ್ಲಿ ಚಾನ್ಸಿ ಶೇ 35ರಷ್ಟು ಮೇಲು. ಸ್ಪೆಷಲ್ ಡಿಫೆನ್ಸ್‌ನಲ್ಲಿ ಚಾನ್ಸಿ 369, ಬ್ಲಿಸ್ಸಿ 306. ಅಲ್ಲೂ ಎಚ್‌ಪಿ ಸೇರಿಸಿ ನೋಡಿದರೆ ಚಾನ್ಸಿ ಶೇ 19ರಷ್ಟು ಮೇಲು.

ಈಗ ಎದುರಾಳಿ ನಾಕ್ ಆಫ್ ಹೊಡೆದು ಆ ಐಟಂ ಕಿತ್ತುಹಾಕಿದ ಎಂದುಕೊಳ್ಳಿ. ಚಾನ್ಸಿಯ ಡಿಫೆನ್ಸ್ ಮತ್ತೆ 119, ಸ್ಪೆಷಲ್ ಡಿಫೆನ್ಸ್ 246. ಒಂದೇ ಮೂವ್‌ನಿಂದ ಅದು ದೈಹಿಕದಲ್ಲಿ ಬ್ಲಿಸ್ಸಿಗಿಂತ ಸುಮಾರು ಶೇ 10, ಸ್ಪೆಷಲ್‌ನಲ್ಲಿ ಸುಮಾರು ಶೇ 21 ಕೆಳಗೆ ಇಳಿಯಿತು, ಮತ್ತು ಪಂದ್ಯ ಮುಗಿಯುವವರೆಗೆ ಹಾಗೇ ಉಳಿಯಿತು. ಬ್ಲಿಸ್ಸಿಯ ಐಟಂ ಕಿತ್ತರೆ ಅದರ ಡಿಫೆನ್ಸ್‌ನ ಒಂದು ಅಂಕವೂ ಅಲುಗುವುದಿಲ್ಲ. ಇನ್ನೊಂದು ಮಾತು: ಎವಿಯೋಲೈಟ್ ಹಿಡಿದ ಕೈಯಲ್ಲಿ ಬೇರೇನನ್ನೂ ಹಿಡಿಯಲಾಗದು. ಬ್ಲಿಸ್ಸಿ ಲೆಫ್ಟೋವರ್ಸ್ ಹಿಡಿದು ಸರದಿಗೆ 44 ಎಚ್‌ಪಿ ಪಡೆಯಬಹುದು, ಅಥವಾ ಬೂಟ್ಸ್ ತೊಟ್ಟು ಕಲ್ಲನ್ನು ಮರೆಯಬಹುದು. ಚಾನ್ಸಿ ಕಲ್ಲಿನ ಮೇಲೆ ಬಂದಾಗಲೆಲ್ಲ 88 ಕಳೆದುಕೊಳ್ಳುತ್ತದೆ. ಒಂಬತ್ತನೆಯ ತಲೆಮಾರಿನಲ್ಲಿ ಸಾಫ್ಟ್-ಬಾಯ್ಲ್ಡ್ ಥರದ ಎಚ್‌ಪಿ ತುಂಬುವ ಮೂವ್‌ಗಳ ಪಿಪಿಯನ್ನು (ಎಷ್ಟು ಸಲ ಬಳಸಬಹುದು ಎಂಬ ಮಿತಿಯನ್ನು) ಹತ್ತರಿಂದ ಐದಕ್ಕೆ, ಹೆಚ್ಚಿಸಿಕೊಂಡರೂ ಎಂಟಕ್ಕೆ, ಇಳಿಸಿರುವುದರಿಂದ ಈ ಸಣ್ಣಪುಟ್ಟ ಸೋರಿಕೆ ಹಿಂದಿಗಿಂತ ದುಬಾರಿಯಾಗಿದೆ. ಎದುರಾಳಿಗಳಲ್ಲಿ ನಾಕ್ ಆಫ್ ಎಷ್ಟು ಜನರ ಬಳಿ ಇದೆ ಎಂದು ತಿಂಗಳ ಬಳಕೆ ಪಟ್ಟಿಯಲ್ಲಿ ನೋಡದೆ ಈ ಜೋಡಿಯಲ್ಲಿ ಒಂದನ್ನು ಆರಿಸುವುದು ಕಣ್ಣು ಕಟ್ಟಿಕೊಂಡು ಹೆಜ್ಜೆ ಇಟ್ಟಂತೆ.

ಡಬಲ್ಸ್‌ಗೆ ಹೋಲಿಸುವಾಗ ಪಕ್ಕದವನನ್ನೂ ಬರೆಯಿರಿ

ಡಬಲ್ಸ್‌ನಲ್ಲಿ ಜೀವಿಯ ಬೆಲೆ ಅದರ ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲಿರುತ್ತದೆ. ಆರ್ಕನೈನ್‌ನ ಮೊತ್ತ 555, ಇನ್ಸಿನರೋರ್‌ನದು 530. ಎರಡೂ ಫೈರ್, ಎರಡಕ್ಕೂ ಇಂಟಿಮಿಡೇಟ್ ಇದೆ, ಸ್ಪೀಡ್‌ನಲ್ಲಿ ಆರ್ಕನೈನ್ 95 ಇದ್ದರೆ ಇನ್ಸಿನರೋರ್ ಬರೀ 60. ಆದರೂ ವಿಜಿಸಿ ತಂಡಗಳಲ್ಲಿ ವರ್ಷಗಳಿಂದ ಬೇರೂರಿ ಕೂತಿರುವುದು ಇನ್ಸಿನರೋರ್. ಬಂದ ಮೊದಲ ಸರದಿಯಲ್ಲಿ ಫೇಕ್ ಔಟ್ ಹೊಡೆದು ಎದುರಿನ ಒಂದನ್ನು ಸುಮ್ಮನಾಗಿಸುತ್ತದೆ, ಆಗ ಪಕ್ಕದವನಿಗೆ ಬಿಡುವು ಸಿಗುತ್ತದೆ. ಆಮೇಲೆ ಪಾರ್ಟಿಂಗ್ ಶಾಟ್ ಬಿಟ್ಟು, ಎದುರಾಳಿಯ ಎರಡೂ ದಾಳಿ ಅಂಕಗಳನ್ನು ತಗ್ಗಿಸಿ ಹೊರಗೆ ಹೋಗುತ್ತದೆ. ಮತ್ತೆ ಬಂದಾಗ ಇನ್ನೊಂದು ಇಂಟಿಮಿಡೇಟ್, ಇನ್ನೊಂದು ಫೇಕ್ ಔಟ್. ಇಲ್ಲಿ ನಿಧಾನವೇ ಅನುಕೂಲ, ಏಕೆಂದರೆ ಕೊನೆಯಲ್ಲಿ ಹೊರಟರೆ ಒಳಗೆ ಬರುವ ಗೆಳೆಯನಿಗೆ ಆ ಸರದಿಯ ಪೆಟ್ಟು ತಪ್ಪುತ್ತದೆ. ಇದೇ ಇನ್ಸಿನರೋರ್ ಸಿಂಗಲ್ಸ್‌ನಲ್ಲಿ ಓಯು ಶ್ರೇಣಿಗಿಂತ ಕೆಳಗಿದೆ.

2014ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಅವರ ತಂಡದಲ್ಲಿ ಪಚಿರಿಸು ಇತ್ತು. ಮೊತ್ತ 405ರ ಅಳಿಲು. ಎದುರಾಳಿಯ ದಾಳಿಗಳನ್ನು ಫಾಲೋ ಮೀ ಮೂವ್‌ನಿಂದ ತನ್ನ ಮೇಲೆ ಎಳೆದುಕೊಳ್ಳುವುದು ಅದರ ಕೆಲಸ. ಆ ಕೆಲಸಕ್ಕೆ ಹೆಚ್ಚು ಗಟ್ಟಿಯಾದ ಅಮೂಂಗಸ್‌ನಂತಹವು ಇದ್ದವು. ಆದರೆ ಪಕ್ಕದಲ್ಲಿ ಕಾಪಾಡಬೇಕಾಗಿದ್ದದ್ದು ಗ್ಯಾರಡಾಸ್. ಅದಕ್ಕೆ ಎಲೆಕ್ಟ್ರಿಕ್ ದಾಳಿ ನಾಲ್ಕು ಪಟ್ಟು ತಗಲುತ್ತದೆ. ಪಚಿರಿಸುವಿನ ವೋಲ್ಟ್ ಅಬ್ಸಾರ್ಬ್ ಅಂತಹ ದಾಳಿಯನ್ನು ನುಂಗಿ, ಅದರಿಂದಲೇ ಎಚ್‌ಪಿ ತುಂಬಿಕೊಳ್ಳುತ್ತದೆ. ಅಮೂಂಗಸ್‌ನ ರೇಜ್ ಪೌಡರ್ ಹೊರನೋಟಕ್ಕೆ ಅದೇ ಮೂವ್‌ನಂತಿದ್ದರೂ ಆರನೆಯ ತಲೆಮಾರಿನಿಂದ ಗ್ರಾಸ್ ಟೈಪಿನವರ ದಾಳಿಯನ್ನು ಎಳೆಯುವುದಿಲ್ಲ. ಹೋಲಿಕೆಯ ಹಾಳೆಯಲ್ಲಿ ಪಕ್ಕದವನ ಹೆಸರಿಗೂ ಒಂದು ಜಾಗ ಇರಬೇಕು ಎನ್ನುವುದು ಇದಕ್ಕೇ.

ಕೊನೆಗೆ ಆಡಿ ನೋಡುವುದು

ಹಾಳೆಯ ಮೇಲಿನ ತೀರ್ಮಾನವನ್ನು ಶೋಡೌನ್‌ನಲ್ಲಿ ಪರೀಕ್ಷಿಸಿ. ಅದಕ್ಕೆ ಹಣ ಬೇಡ, ಸಾಧಾರಣ ಮೊಬೈಲ್ ಸಾಕು. ತಂಡದ ಉಳಿದ ಐದನ್ನು ಮುಟ್ಟದೆ, ಆರನೆಯ ಜಾಗದಲ್ಲಿ ಮಾತ್ರ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಇಟ್ಟು, ತಲಾ ಇಪ್ಪತ್ತೈದು ಮೂವತ್ತು ಪಂದ್ಯಗಳನ್ನಾದರೂ ಆಡಿ. ಗೆಲುವು ಸೋಲಿನ ಲೆಕ್ಕವನ್ನಷ್ಟೇ ಇಟ್ಟರೆ ಅದೃಷ್ಟದ ಪಾಲು ಯಾವುದು, ಜೀವಿಯ ಪಾಲು ಯಾವುದು ತಿಳಿಯುವುದಿಲ್ಲ. ಪ್ರತಿ ಪಂದ್ಯದ ನಂತರ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಬರೆದುಕೊಂಡಿದ್ದ ಕೆಲಸವನ್ನು ಅದು ಮಾಡಿತೇ? ಮಾಡದಿದ್ದರೆ, ಇನ್ನೊಂದು ಇದ್ದಿದ್ದರೆ ಮಾಡುತ್ತಿತ್ತೇ? ಅನುಮಾನವಿದ್ದರೆ ರೀಪ್ಲೇ ಉಳಿಸಿಟ್ಟು, ಆ ಸರದಿಯ ಪೆಟ್ಟನ್ನು ಡ್ಯಾಮೇಜ್ ಕ್ಯಾಲ್ಕುಲೇಟರ್‌ನಲ್ಲಿ ಇನ್ನೊಂದರ ಹೆಸರು ಹಾಕಿ ನೋಡಿ.

ಅಳಿಯ ಊರಿಗೆ ಹೊರಡುವ ಮುನ್ನ ಮೂವತ್ತು ಪಂದ್ಯಗಳ ಪಟ್ಟಿ ತೋರಿಸಿದ. ಡ್ರಾಗನೈಟ್ ಹದಿನೆಂಟರಲ್ಲಿ ತನ್ನ ಡ್ಯಾನ್ಸ್ ಮುಗಿಸಿಕೊಂಡಿತ್ತು. ಮುಗಿಸದ ಹನ್ನೆರಡರಲ್ಲಿ ಏಳು ಸಲ ಅವನು ಬೂಟ್ಸ್ ಬದಲು ಬೇರೆ ಐಟಂ ಕೊಟ್ಟಿದ್ದ. ಸಾಲಮೆನ್ಸ್‌ನ ಮೂವತ್ತು ಪಂದ್ಯ ಇನ್ನೂ ಬಾಕಿ ಇವೆ. ಮಂಡ್ಯಕ್ಕೆ ಹೋಗುವ ರೈಲಿನಲ್ಲಿ ಶುರುಮಾಡುತ್ತೇನೆಂದು ಹೇಳಿ, ಚಾರ್ಜರನ್ನು ನಮ್ಮ ಮನೆಯಲ್ಲೇ ಮರೆತು ಹೋದ.